ವೇಗ, ದಾರ್ಢ್ಯ, ಸಂಯಮ: ಇಂಗ್ಲಿಷಿನ ‘ಫಾಸ್ಟ್’ ಪದ ಮತ್ತು ಅದರ ನೆರೆಹೊರೆ

ಸಾರಾಂಶ

ಇಂಗ್ಲಿಷಿನಲ್ಲಿ ವೇಗ, ದೇಹದಾರ್ಢ್ಯ ಮತ್ತು ಆತ್ಮಸಂಯಮಗಳನ್ನು ಸೂಚಿಸುವ ಪದಗಳು ಮೂರು ಪ್ರತ್ಯೇಕ ಅರ್ಥಕ್ಷೇತ್ರಗಳಿಗೆ ಸೇರಿದವುಗಳಂತೆ ತೋರುತ್ತವೆ. ಆದರೆ ‘ಫಾಸ್ಟ್’ ಎಂಬ ಒಂದೇ ರೂಪ ಈ ಮೂರು ಕ್ಷೇತ್ರಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಈ ಸಂಗತಿಯನ್ನು ಆರಂಭಬಿಂದುವಾಗಿ ಇಟ್ಟುಕೊಂಡು, ಅರ್ಥಪಲ್ಲಟವು ಕೇವಲ ಕಲ್ಪನೆಯ ಹೋಲಿಕೆಯಿಂದ ನಡೆಯುವುದಿಲ್ಲ, ನಿರ್ದಿಷ್ಟ ವಾಕ್ಯಸಂದರ್ಭಗಳ ಮೂಲಕ ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ. ಕನ್ನಡದ ‘ಗಟ್ಟಿ’, ‘ಬಿರುಸು’, ‘ಜೋರು’, ‘ಬೇಗ’ ಮುಂತಾದ ಪದಗಳನ್ನು ಹೋಲಿಕೆಗೆ ಬಳಸಿಕೊಂಡಿದ್ದೇವೆ. ಪದಮೂಲದ ರೂಪಕವನ್ನು ಮನೋವ್ಯಾಪಾರದ ಸಾಕ್ಷ್ಯವೆಂದು ಭಾವಿಸುವುದರ ಅಪಾಯವನ್ನು ಕೊನೆಯಲ್ಲಿ ಚರ್ಚಿಸಲಾಗಿದೆ.

ಪ್ರಮುಖ ಪದಗಳು: ಅರ್ಥಪಲ್ಲಟ, ಅರ್ಥಕ್ಷೇತ್ರ, ನಾನಾರ್ಥತೆ, ಕ್ರಿಯಾವಿಶೇಷಣ, ರೂಪಕ, ದ್ವಿಭಾಷಾ ನಿಘಂಟು

1. ಪೀಠಿಕೆ

‘ದ ಹಾರ್ಸ್ ರನ್ಸ್ ಫಾಸ್ಟ್’, ‘ದ ಪೋಸ್ಟ್ ಸ್ಟ್ಯಾಂಡ್ಸ್ ಫಾಸ್ಟ್’, ‘ದ ಮಾಂಕ್ ಫಾಸ್ಟ್ಸ್’ ಎಂಬ ಮೂರು ಇಂಗ್ಲಿಷ್ ವಾಕ್ಯಗಳನ್ನು ಗಮನಿಸೋಣ. ಮೊದಲನೆಯದರಲ್ಲಿ ಕುದುರೆ ವೇಗವಾಗಿ ಓಡುತ್ತದೆ. ಎರಡನೆಯದರಲ್ಲಿ ಕಂಬವು ಕದಲದೆ ನಿಂತಿದೆ. ಮೂರನೆಯದರಲ್ಲಿ ಸಂನ್ಯಾಸಿಯು ಉಪವಾಸವಿರುತ್ತಾನೆ. ಒಂದೇ ರೂಪವು ಓಟವನ್ನೂ ನಿಶ್ಚಲತೆಯನ್ನೂ ಆಹಾರತ್ಯಾಗವನ್ನೂ ಹೇಳುತ್ತಿದೆ. ದ್ವಿಭಾಷಾ ನಿಘಂಟಿನಲ್ಲಿ ಈ ಪದವನ್ನು ಹುಡುಕುವ ವಿದ್ಯಾರ್ಥಿಗೆ ‘ವೇಗವಾದ’, ‘ಭದ್ರವಾದ’, ‘ಉಪವಾಸ ಮಾಡು’ ಎಂಬ ಅರ್ಥಗಳು ಸಾಲಾಗಿ ದೊರೆಯುತ್ತವೆ. ಅವುಗಳ ನಡುವಿನ ನಂಟು ಏನು, ನಂಟೆಂಬುದು ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯುವುದಿಲ್ಲ. ಅನೇಕ ಇಂಗ್ಲಿಷ್ ನಿಘಂಟುಗಳು ಉಪವಾಸದ ‘ಫಾಸ್ಟ್’ ಪದವನ್ನು ಬೇರೆಯದೇ ನಮೂದಾಗಿ ಕೊಡುತ್ತವೆ. ಅಂದರೆ ಅವು ಅದನ್ನು ನಾನಾರ್ಥವೆಂದು ಪರಿಗಣಿಸದೆ ಸಮರೂಪ ಪದವೆಂದು ಪರಿಗಣಿಸುತ್ತವೆ.

ಯೋಸ್ಟ್ ಟ್ರಿಯರ್ 1931ರಲ್ಲಿ ಅರ್ಥಕ್ಷೇತ್ರದ ಪರಿಕಲ್ಪನೆಯನ್ನು ವಿವರವಾಗಿ ಮಂಡಿಸಿದಂದಿನಿಂದ, ಪದವೊಂದರ ಅರ್ಥವನ್ನು ಅದರ ನೆರೆಯ ಪದಗಳೊಡನೆ ಇಟ್ಟು ನೋಡುವ ಕ್ರಮ ಬೆಳೆದುಬಂದಿದೆ. ಈ ಲೇಖನದಲ್ಲಿ ನಾವು ಒಂದು ಪದವನ್ನು ಮೂರು ನೆರೆಹೊರೆಗಳಲ್ಲಿ ಇಟ್ಟು ನೋಡುತ್ತೇವೆ. ಈ ಮೂರು ಕ್ಷೇತ್ರಗಳನ್ನು ಬೆಸೆಯುವ ಮೂಲಕಲ್ಪನೆ ‘ಹಿಡಿತ’. ಆದರೆ ಆ ಕಲ್ಪನೆ ಅರ್ಥಪಲ್ಲಟಕ್ಕೆ ಅವಕಾಶವನ್ನಷ್ಟೇ ಒದಗಿಸುತ್ತದೆ. ಪಲ್ಲಟವನ್ನು ನಿಜವಾಗಿ ಸಾಧಿಸುವುದು ವಾಕ್ಯ. ಇದೇ ನಮ್ಮ ಮುಖ್ಯ ಪ್ರತಿಪಾದನೆ.

2. ದೃಢತೆಯಿಂದ ವೇಗಕ್ಕೆ

ಪ್ರಾಚೀನ ಇಂಗ್ಲಿಷಿನಲ್ಲಿ ‘ಫ್ಯಾಸ್ತ್’ ಎಂಬ ಗುಣವಾಚಕಕ್ಕೆ ‘ಭದ್ರವಾದ, ಕದಲದ, ಬಿಗಿಯಾದ’ ಎಂಬ ಅರ್ಥವಿತ್ತು. ಜರ್ಮನ್ ಭಾಷೆಯ ‘ಫೆಸ್ಟ್’ ಇದರ ಜ್ಞಾತಿಪದ. ಅದು ಇಂದಿಗೂ ಗಟ್ಟಿಯಾದುದನ್ನೇ ಸೂಚಿಸುತ್ತದೆ. ಇಂಗ್ಲಿಷಿನಲ್ಲಿಯೂ ಹಳೆಯ ಅರ್ಥ ಅಳಿದಿಲ್ಲ. ‘ಫಾಸನ್’ ಎಂದರೆ ಬಿಗಿ, ‘ಸ್ಟೆಡ್‌ಫಾಸ್ಟ್’ ಎಂದರೆ ಅಚಲ, ‘ಕಲರ್‌ಫಾಸ್ಟ್’ ಎಂದರೆ ಬಣ್ಣ ಬಿಡದ ಬಟ್ಟೆ, ‘ಫಾಸ್ಟ್ ಅಸ್ಲೀಪ್’ ಎಂದರೆ ಗಾಢನಿದ್ರೆಯಲ್ಲಿರುವ ಸ್ಥಿತಿ. ಈ ಎಲ್ಲ ಪ್ರಯೋಗಗಳಲ್ಲಿ ವೇಗದ ಸುಳಿವೇ ಇಲ್ಲ.

ಹಾಗಿದ್ದರೆ ವೇಗದ ಅರ್ಥ ಎಲ್ಲಿಂದ ಬಂತು? ಗುಣವಾಚಕವನ್ನಷ್ಟೇ ನೋಡುತ್ತಿದ್ದರೆ ಉತ್ತರ ಸಿಗುವುದಿಲ್ಲ. ‘ಭದ್ರವಾದ ಕಂಬ’ದಿಂದ ‘ವೇಗವಾದ ಕುದುರೆ’ಗೆ ನೇರ ದಾರಿಯಿಲ್ಲ. ದಾರಿ ಇರುವುದು ‘ಫ್ಯಾಸ್ತೆ’ ಎಂಬ ಕ್ರಿಯಾವಿಶೇಷಣದಲ್ಲಿ. ಹಿಡಿಯುವ, ಕಟ್ಟುವ, ನಿಲ್ಲುವ ಕ್ರಿಯೆಗಳೊಡನೆ ಅದರ ಅರ್ಥ ‘ಬಿಗಿಯಾಗಿ’. ಹೊಡೆಯುವ, ಹೋರಾಡುವ ಕ್ರಿಯೆಗಳೊಡನೆ ಅದು ‘ಬಲವಾಗಿ, ಬಿಡದೆ’ ಎಂಬ ಅರ್ಥ ಪಡೆಯುತ್ತದೆ. ಓಡುವ, ಸವಾರಿ ಮಾಡುವ ಕ್ರಿಯೆಗಳೊಡನೆ ಸೇರಿದಾಗ ‘ಬಲವಾಗಿ ಓಡು’ ಮತ್ತು ‘ವೇಗವಾಗಿ ಓಡು’ ಎಂಬವುಗಳ ನಡುವೆ ಲೋಕಾನುಭವದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಬಲ ಹಾಕಿ ಓಡುವವನು ವೇಗವಾಗಿಯೇ ಓಡುತ್ತಾನೆ. ಕೇಳುಗನು ಎರಡನೆಯ ಅರ್ಥವನ್ನು ಆಯ್ದುಕೊಂಡರೂ ಸಂವಹನಕ್ಕೆ ಭಂಗ ಬರುವುದಿಲ್ಲ. ಮಧ್ಯಕಾಲೀನ ಇಂಗ್ಲಿಷಿನ ಹೊತ್ತಿಗೆ ಈ ಎರಡನೆಯ ಅರ್ಥ ಸ್ವತಂತ್ರವಾಯಿತು. ಗುಣವಾಚಕವು ಅದನ್ನು ಆಮೇಲೆ ತನ್ನದಾಗಿಸಿಕೊಂಡಿತು. ಇನ್ನೊಂದು ವಿವರಣೆಯೂ ಇದೆ: ‘ಬಿಗಿಯಾಗಿ ಬೆನ್ನಟ್ಟು’ ಎಂದರೆ ಅಂತರ ಬಿಡದೆ ಬೆನ್ನಟ್ಟುವುದು, ಹಾಗೆ ಬೆನ್ನಟ್ಟಲು ವೇಗ ಬೇಕು. ಈ ಎರಡು ವಿವರಣೆಗಳು ಪರಸ್ಪರ ವಿರುದ್ಧವಲ್ಲ. ಎರಡರಲ್ಲಿಯೂ ಸೇತುವೆಯಾಗಿರುವುದು ಕ್ರಿಯಾವಿಶೇಷಣವೇ.

ಈ ಹೆಜ್ಜೆಗಳನ್ನು ಕನ್ನಡಿಗ ಓದುಗರು ತಮ್ಮ ಭಾಷೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ‘ಬಿರು’ ಎಂಬುದು ‘ಬಿರುನುಡಿ’, ‘ಬಿರುಬಿಸಿಲು’, ‘ಬಿರುಗಾಳಿ’ಗಳಲ್ಲಿ ಕಠೋರತೆಯನ್ನು, ತೀವ್ರತೆಯನ್ನು ಸೂಚಿಸುತ್ತದೆ, ‘ಬಿರುಸಾಗಿ ನಡೆದ’ ಎಂಬಲ್ಲಿ ಅದು ವೇಗ. ಪಾರಸಿ ಮೂಲದ ‘ಜೋರು’ ಎಂದರೆ ಬಲ. ‘ಜೋರಾಗಿ ಹೊಡೆ’ ಎಂಬಲ್ಲಿ ಬಲ, ‘ಜೋರಾಗಿ ಓಡು’ ಎಂಬಲ್ಲಿ ವೇಗ, ‘ಜೋರಾಗಿ ಕೂಗು’ ಎಂಬಲ್ಲಿ ದನಿಯ ಏರು. ‘ಗಟ್ಟಿ’ ಪದದ ದಾರಿ ಇದಕ್ಕಿಂತ ಭಿನ್ನ. ‘ಗಟ್ಟಿಯಾಗಿ ಹಿಡಿ’ ಎಂಬಲ್ಲಿ ದೃಢತೆ, ‘ಗಟ್ಟಿಯಾಗಿ ಮಾತನಾಡು’ ಎಂಬಲ್ಲಿ ದನಿಯ ಏರು. ಆದರೆ ‘ಗಟ್ಟಿಯಾಗಿ ಓಡು’ ಎಂದು ಕನ್ನಡದಲ್ಲಿ ವೇಗದ ಅರ್ಥದಲ್ಲಿ ಹೇಳುವುದಿಲ್ಲ. ಮೂಲಕಲ್ಪನೆ ಇಂಗ್ಲಿಷಿನ ‘ಫಾಸ್ಟ್’ ಪದಕ್ಕೂ ಕನ್ನಡದ ‘ಗಟ್ಟಿ’ ಪದಕ್ಕೂ ಒಂದೇ. ತಲುಪಿದ ಸ್ಥಳಗಳು ಬೇರೆಬೇರೆ. ದೃಢತೆಯ ಕಲ್ಪನೆಯೊಂದೇ ವೇಗದ ಅರ್ಥವನ್ನು ಹುಟ್ಟಿಸುವುದಾಗಿದ್ದರೆ ‘ಗಟ್ಟಿ’ಯೂ ಅಲ್ಲಿಗೇ ತಲುಪಬೇಕಿತ್ತು. ಯಾವ ಕ್ರಿಯಾಪದಗಳ ಜೊತೆ ಆ ಪದ ರೂಢಿಯಾಯಿತು ಎಂಬುದು ಇಲ್ಲಿ ನಿರ್ಣಾಯಕ.

‘ಸ್ಪೀಡ್’ ಪದದ ಚರಿತ್ರೆಯೂ ಇದನ್ನೇ ಬೆಂಬಲಿಸುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿ ಅದರ ಮುಖ್ಯ ಅರ್ಥ ‘ಏಳಿಗೆ, ಯಶಸ್ಸು’. ಪ್ರಯಾಣಿಕರಿಗೆ ಶುಭ ಹಾರೈಸುವ ‘ಗಾಡ್‌ಸ್ಪೀಡ್’ ಎಂಬಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಅದು ‘ಬೇಗ ಹೋಗು’ ಎಂಬ ಆಜ್ಞೆಯಲ್ಲ. ವೇಗದ ಅರ್ಥ ಪ್ರಾಚೀನ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ನಾಮಪದದ ವಿಭಕ್ತಿರೂಪವನ್ನು ಕ್ರಿಯಾವಿಶೇಷಣದಂತೆ ಬಳಸಿದ ಕಡೆಗಳಲ್ಲಿ. ಇದಕ್ಕೆ ಪ್ರತಿಯಾಗಿ ‘ಕ್ವಿಕ್’ ಬೇರೆ ದಾರಿ ಹಿಡಿಯಿತು. ಅದರ ಮೂಲಾರ್ಥ ‘ಜೀವಂತ’. ಸಂಸ್ಕೃತದ ‘ಜೀವ’, ಲ್ಯಾಟಿನ್ನಿನ ‘ವೀವುಸ್’ ಅದರ ಜ್ಞಾತಿಪದಗಳು. ಪಾದರಸದ ‘ಕ್ವಿಕ್‌ಸಿಲ್ವರ್’ ಎಂಬ ಹೆಸರಿನಲ್ಲಿ ಇರುವುದು ‘ಜೀವವುಳ್ಳ ಬೆಳ್ಳಿ’ ಎಂಬ ಕಲ್ಪನೆ. ಇಲ್ಲಿ ‘ಜೀವಂತ’ದಿಂದ ‘ಲವಲವಿಕೆಯ’, ಅಲ್ಲಿಂದ ‘ಚುರುಕಾದ’ ಎಂಬ ಗುಣವಾಚಕಗಳ ಸಾಲಿನಲ್ಲಿಯೇ ಪಲ್ಲಟ ನಡೆದಿದೆ. ಆದ್ದರಿಂದ ಕ್ರಿಯಾವಿಶೇಷಣವೇ ವೇಗಾರ್ಥದ ಏಕೈಕ ದಾರಿ ಎಂದು ನಾವು ಹೇಳುತ್ತಿಲ್ಲ. ಮೂಲಾರ್ಥಕ್ಕೂ ಚಲನೆಗೂ ಸಹಜ ನಂಟಿಲ್ಲದ ಕಡೆ ಆ ಸೇತುವೆ ಅಗತ್ಯವಾಗುತ್ತದೆ ಎಂಬುದಷ್ಟೇ ನಮ್ಮ ವಾದ.

ಈ ಭಿನ್ನ ದಾರಿಗಳ ಗುರುತು ಇಂದಿನ ಸಹಪ್ರಯೋಗಗಳಲ್ಲಿಯೂ ಕಾಣುತ್ತದೆ. ‘ಫಾಸ್ಟ್’ ಸಾಮಾನ್ಯವಾಗಿ ಚಲಿಸುವ ವಸ್ತುವಿನ ಅಥವಾ ವ್ಯಕ್ತಿಯ ಗತಿಯನ್ನು ಹೇಳುತ್ತದೆ: ‘ಫಾಸ್ಟ್ ಕಾರ್’, ‘ಫಾಸ್ಟ್ ಬೌಲರ್’. ‘ಕ್ವಿಕ್’ ಹೆಚ್ಚಾಗಿ ಕ್ರಿಯೆ ತೆಗೆದುಕೊಳ್ಳುವ ಅಲ್ಪಾವಧಿಯನ್ನು ಹೇಳುತ್ತದೆ: ‘ಕ್ವಿಕ್ ಲುಕ್’ ಸಹಜ, ‘ಫಾಸ್ಟ್ ಲುಕ್’ ಅಸಹಜ. ಕಸಿದುಕೊಳ್ಳುವ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ‘ರ್‍ಯಾಪಿಡ್’ ಬೆಳವಣಿಗೆ, ಬದಲಾವಣೆಗಳ ಜೊತೆಗೂ ಧಾರಾಳವಾಗಿ ಸೇರುತ್ತದೆ. ಎಸೆಯುವ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ‘ಕ್ಷಿಪ್ರ’ ಕನ್ನಡದಲ್ಲಿ ‘ಕ್ಷಿಪ್ರಕ್ರಾಂತಿ’ಯಂತಹ ಸಮಾಸಗಳಲ್ಲಿ ನೆಲೆ ನಿಂತಿರುವುದು ಇದಕ್ಕೆ ಹೋಲುವ ಸಂಗತಿ. ನಮ್ಮ ಭೌತವಿಜ್ಞಾನದ ಪಠ್ಯಗಳು ‘ಸ್ಪೀಡ್’ಗೆ ‘ಜವ’ ಎಂದೂ ‘ವೆಲಾಸಿಟಿ’ಗೆ ‘ವೇಗ’ ಎಂದೂ ಬಳಸಿ, ದಿಕ್ಕಿಲ್ಲದ ಮತ್ತು ದಿಕ್ಕುಳ್ಳ ಪರಿಮಾಣಗಳನ್ನು ಬೇರ್ಪಡಿಸಿವೆ. ಇದು ಶಾಸ್ತ್ರವು ಗೊತ್ತುಪಡಿಸಿದ ಭೇದ. ಆಡುಮಾತಿನ ಸಹಪ್ರಯೋಗದಿಂದ ಬಂದುದಲ್ಲ.

3. ‘ಬೇಗ’ದಿಂದ ‘ಕೂಡಲೆ’ಗೆ

ವಾಕ್ಯಸಂದರ್ಭವೇ ಪಲ್ಲಟದ ನೆಲೆ ಎಂಬ ಮಾತಿಗೆ ಇಂಗ್ಲಿಷ್ ಅರ್ಥವಿಜ್ಞಾನದಲ್ಲಿ ಪ್ರಸಿದ್ಧವಾದ ಆಧಾರವೊಂದಿದೆ. ಸ್ವೀಡನ್ನಿನ ವಿದ್ವಾಂಸ ಗುಸ್ತಾಫ್ ಸ್ಟರ್ನ್ 1921ರಲ್ಲಿ ‘ಸ್ವಿಫ್ಟ್’ ಮತ್ತು ಅದರ ಸಮಾನಾರ್ಥಕಗಳ ಕುರಿತ ಅಧ್ಯಯನವನ್ನು ಪ್ರಕಟಿಸಿದರು. 1300ಕ್ಕಿಂತ ಮೊದಲು ‘ವೇಗವಾಗಿ’ ಎಂಬ ಅರ್ಥ ಪಡೆದಿದ್ದ ಇಂಗ್ಲಿಷ್ ಕ್ರಿಯಾವಿಶೇಷಣಗಳು ಮುಂದೆ ‘ತಕ್ಷಣ’ ಎಂಬ ಅರ್ಥವನ್ನೂ ಬೆಳೆಸಿಕೊಂಡವು. 1400ರ ನಂತರ ವೇಗದ ಅರ್ಥ ಪಡೆದವು ಹಾಗೆ ಬೆಳೆಯಲಿಲ್ಲ ಎಂಬುದು ಅವರ ತೀರ್ಮಾನ. ಅರ್ಥಪಲ್ಲಟದಲ್ಲಿಯೂ ಕಾಲಬದ್ಧವಾದ ಕ್ರಮಬದ್ಧತೆಯನ್ನು ತೋರಿಸಬಹುದೆಂಬುದಕ್ಕೆ ಇದು ಅಪರೂಪದ ನಿದರ್ಶನ.

ಸ್ಟರ್ನ್ ಗುರುತಿಸಿದ ಹೆಜ್ಜೆಗಳು ಮೂರು. ಮೊದಲು ಕ್ರಿಯಾವಿಶೇಷಣವು ಮುಂದುವರಿಯುತ್ತಿರುವ ಕ್ರಿಯೆಯೊಡನೆ ಬರುತ್ತದೆ. ಆಗ ಅದು ಗತಿಯನ್ನಷ್ಟೇ ಹೇಳುತ್ತದೆ. ಆಮೇಲೆ ಗುರಿ ಮುಟ್ಟುವ ಕ್ರಿಯೆಯೊಡನೆ ಬರುತ್ತದೆ. ವೇಗವಾಗಿ ಹೋದವನು ಅಲ್ಪಕಾಲದಲ್ಲಿಯೇ ಗುರಿ ಮುಟ್ಟುವುದರಿಂದ ಎರಡೂ ಅರ್ಥಗಳಿಗೆ ಅವಕಾಶವಿರುತ್ತದೆ. ಕೊನೆಗೆ ಕ್ಷಣಮಾತ್ರದಲ್ಲಿ ಮುಗಿಯುವ ಕ್ರಿಯೆಯೊಡನೆ ಬರುತ್ತದೆ. ಅಂತಹ ಕ್ರಿಯೆಗೆ ಗತಿಯೆಂಬುದೇ ಇಲ್ಲವಾದ್ದರಿಂದ ಕಾಲದ ಅರ್ಥವೊಂದೇ ಉಳಿಯುತ್ತದೆ. ಸಂಸ್ಕೃತದ ‘ವೇಗ’ದಿಂದ ಬಂದ ತದ್ಭವ ‘ಬೇಗ’ದಲ್ಲಿ ಈ ಮೂರೂ ಹೆಜ್ಜೆಗಳನ್ನು ಇಂದಿನ ಮಾತಿನಲ್ಲಿಯೇ ಒಟ್ಟಿಗೆ ಕಾಣಬಹುದು. ‘ಬೇಗ ಓಡು’ ಎಂಬಲ್ಲಿ ಗತಿ. ‘ಬೇಗ ಬಾ’ ಎಂಬಲ್ಲಿ ಗತಿಯೂ ಹೌದು, ತಡಮಾಡದಿರುವುದೂ ಹೌದು. ‘ಬೆಳಿಗ್ಗೆ ಬೇಗ ಏಳು’ ಎಂಬಲ್ಲಿ ಗತಿಯ ಮಾತೇ ಇಲ್ಲ, ಹೊತ್ತಿಗೆ ಮುಂಚೆ ಎಂಬುದಷ್ಟೇ ಅರ್ಥ. ಕನ್ನಡಿಗ ವಿದ್ಯಾರ್ಥಿಗಳು ‘ಕಮ್ ಫಾಸ್ಟ್’ ಎಂದು ಹೇಳಿ ‘ಕಮ್ ಸೂನ್’ ಎಂಬ ಅರ್ಥವನ್ನು ಉದ್ದೇಶಿಸುವುದು ಅಜ್ಞಾನದ ಫಲವಲ್ಲ. ‘ಬೇಗ’ದ ಅರ್ಥವ್ಯಾಪ್ತಿಯನ್ನು ‘ಫಾಸ್ಟ್’ ಪದದ ಮೇಲೆ ಹೊದಿಸಿದ್ದರ ಫಲ. ಇದನ್ನು ತಪ್ಪೆಂದು ಹೊಡೆದುಹಾಕುವ ಮೊದಲು ಅದರ ಹಿಂದಿನ ಕ್ರಮವನ್ನು ಶಿಕ್ಷಕರು ಗುರುತಿಸುವುದು ಒಳ್ಳೆಯದು.

4. ದೇಹದ ಪದಗಳು

ದೇಹದ ಸುಸ್ಥಿತಿಯನ್ನು ಹೇಳುವ ಇಂಗ್ಲಿಷ್ ಪದಗಳ ಮೂಲಕಲ್ಪನೆಗಳು ಹಲವು. ‘ಹೆಲ್ತ್’, ‘ಹೋಲ್’, ‘ಹೇಲ್’, ‘ಹೀಲ್’ ಇವೆಲ್ಲ ಒಂದೇ ಕುಟುಂಬದವು. ಆರೋಗ್ಯವೆಂದರೆ ಇಡಿಯಾಗಿರುವುದು, ಒಡೆಯದಿರುವುದು. ‘ರೋಬಸ್ಟ್’ ಓಕ್ ಮರವನ್ನೂ ಅದರ ಗಡುಸು ದಾರುವನ್ನೂ ಸೂಚಿಸುವ ಲ್ಯಾಟಿನ್ ಪದದಿಂದ ಬಂದುದು. ‘ಸ್ಟ್ಯಾಮಿನಾ’ ಮೂಲದಲ್ಲಿ ಮಗ್ಗದ ಹಾಸುನೂಲುಗಳು. ವಿಧಿದೇವತೆಯರು ನೂಲುವ ಆಯುಷ್ಯದ ಎಳೆಗಳೆಂಬ ಪುರಾಣಕಲ್ಪನೆಯ ನೆರಳೂ ಅದರ ಮೇಲಿದೆ. ಬಹುವಚನವಾಗಿದ್ದ ಆ ರೂಪ ಇಂಗ್ಲಿಷಿನಲ್ಲಿ ಏಕವಚನವಾಗಿ ‘ದಣಿಯದೆ ಮುಂದುವರಿಯುವ ಶಕ್ತಿ’ ಎಂಬ ಅರ್ಥಕ್ಕೆ ನೆಲೆಗೊಂಡಿತು. ಕನ್ನಡದ ಆಡುಮಾತು ಇದೇ ಭಾವಕ್ಕೆ ಉಸಿರಿನ ಹೆಸರನ್ನೇ ಬಳಸುತ್ತದೆ: ಪಾರಸಿಯ ‘ದಮ್’ ಎಂದರೆ ಉಸಿರು, ‘ದಮ್ಮಿರುವ ಆಳು’ ಎಂದರೆ ಕಸುವೂ ಕೆಚ್ಚೂ ಉಳ್ಳವನು.

ಈ ಕ್ಷೇತ್ರದಲ್ಲಿ ಇಂದು ಪ್ರಧಾನವಾಗಿರುವ ‘ಫಿಟ್’ ಪದ ಮಾತ್ರ ದೇಹವನ್ನೇ ಹೆಸರಿಸುವುದಿಲ್ಲ. ಅದರ ಹಳೆಯ ಅರ್ಥ ‘ತಕ್ಕುದಾದ, ಹೊಂದುವ’. ಯಾವುದಕ್ಕೆ ತಕ್ಕುದು ಎಂಬ ಪೂರಕಾಂಶ ಆ ಅರ್ಥಕ್ಕೆ ಅಗತ್ಯ. ಹರ್ಬರ್ಟ್ ಸ್ಪೆನ್ಸರ್ 1864ರಲ್ಲಿ ಬಳಕೆಗೆ ತಂದ, ಚಾರ್ಲ್ಸ್ ಡಾರ್ವಿನ್ 1869ರಲ್ಲಿ ತಮ್ಮ ಕೃತಿಯ 5ನೆಯ ಆವೃತ್ತಿಯಲ್ಲಿ ಅಳವಡಿಸಿಕೊಂಡ ‘ಸರ್ವೈವಲ್ ಆಫ್ ದ ಫಿಟೆಸ್ಟ್’ ಎಂಬ ಪದಗುಚ್ಛದಲ್ಲಿಯೂ ‘ಫಿಟೆಸ್ಟ್’ ಎಂದರೆ ಪರಿಸರಕ್ಕೆ ಅತ್ಯಂತ ಹೊಂದಿಕೊಂಡುದು, ಅತ್ಯಂತ ಬಲಿಷ್ಠವಾದುದಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಕ್ರೀಡಾವಲಯದಲ್ಲಿ ‘ತರಬೇತಿ ಪಡೆದು ಸ್ಪರ್ಧೆಗೆ ಸಿದ್ಧವಾದ’ ಎಂಬ ಅರ್ಥವೂ ಕಾಣಿಸಿಕೊಂಡಿತು. ಕಾಲಕ್ರಮದಲ್ಲಿ ಪೂರಕಾಂಶ ಬಿದ್ದುಹೋಗಿ, ‘ಯಾವುದೋ ಒಂದಕ್ಕೆ ತಕ್ಕುದು’ ಎಂಬ ಸಂಬಂಧವಾಚಿ ಪದ ದೇಹದ ಸ್ವತಂತ್ರ ಗುಣದ ಹೆಸರಾಯಿತು. ಡಾರ್ವಿನ್‌ರ ಪದಗುಚ್ಛವನ್ನು ‘ಬಲಿಷ್ಠರ ಉಳಿವು’ ಎಂದು ತಿಳಿಯುವ ಜನಪ್ರಿಯ ತಪ್ಪಿಗೆ ಹೊಸ ಅರ್ಥವನ್ನು ಹಳೆಯ ಪ್ರಯೋಗದ ಮೇಲೆ ಹೇರಿದ್ದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಅರ್ಥಪಲ್ಲಟವನ್ನು ಗಮನಿಸದಿದ್ದರೆ ಏನು ನಷ್ಟ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

5. ಸಂಯಮದ ಪದಗಳು

ಈಗ ಮೂರನೆಯ ‘ಫಾಸ್ಟ್’ ಪದಕ್ಕೆ ಬರೋಣ. 4ನೆಯ ಶತಮಾನದ ಗಾಥಿಕ್ ಬೈಬಲ್ಲಿನ ಭಾಷೆಯಲ್ಲಿ ‘ಫಾಸ್ಟಾನ್’ ಎಂಬ ಕ್ರಿಯಾಪದಕ್ಕೆ ‘ಹಿಡಿದಿಟ್ಟುಕೊ, ಪಾಲಿಸು’ ಎಂಬ ಅರ್ಥವೂ ‘ಉಪವಾಸವಿರು’ ಎಂಬ ಅರ್ಥವೂ ಇದ್ದವು. ನಿಯಮವನ್ನು ಬಿಗಿಯಾಗಿ ಹಿಡಿಯುವುದೇ ಉಪವಾಸ ಎಂಬ ಅರ್ಥಸಂಕೋಚ ಇಲ್ಲಿ ನಡೆದಿದೆ. ಕನ್ನಡದ ‘ವ್ರತ ಹಿಡಿ’ ಎಂಬ ನುಡಿಗಟ್ಟು ಇದರ ಪಕ್ಕದಲ್ಲಿಯೇ ನಿಲ್ಲುತ್ತದೆ. ಹೀಗಾಗಿ ವೇಗದ ‘ಫಾಸ್ಟ್’ ಪದಕ್ಕೂ ಉಪವಾಸದ ‘ಫಾಸ್ಟ್’ ಪದಕ್ಕೂ ಚಾರಿತ್ರಿಕವಾಗಿ ಮೂಲ ಒಂದೇ. ಆದರೆ ಒಂದು ಇನ್ನೊಂದರಿಂದ ಹುಟ್ಟಿದ್ದಲ್ಲ. ದೃಢತೆಯೆಂಬ ಒಂದೇ ಕಾಂಡದಿಂದ ಬೇರೆಬೇರೆ ಕಾಲಗಳಲ್ಲಿ ಒಡೆದ ಎರಡು ಕೊಂಬೆಗಳು. ವೇಗದ ಕೊಂಬೆಯಿಂದಲೇ ಮುಂದೆ ‘ಫಾಸ್ಟ್ ಲೈಫ್’ ಎಂಬ ಪ್ರಯೋಗವೂ ಚಿಗುರಿತು. ಅದರ ಅರ್ಥ ಕಡಿವಾಣವಿಲ್ಲದ ವಿಲಾಸಜೀವನ. ಒಂದೇ ರೂಪವು ಸಂಯಮವನ್ನೂ ಅದರ ಅಭಾವವನ್ನೂ ಸೂಚಿಸುವ ಸ್ಥಿತಿಗೆ ಬಂದು ನಿಂತಿದೆ.

ಸಂಯಮದ ಇತರ ಪದಗಳಲ್ಲಿಯೂ ಹಿಡಿತ ಮತ್ತು ಬಿಗಿತಗಳು ಮತ್ತೆ ಮತ್ತೆ ಕಾಣುತ್ತವೆ. ‘ಅಬ್‌ಸ್ಟೇನ್’, ‘ಕಂಟೇನ್’, ‘ಕಾಂಟಿನೆನ್ಸ್’ ಪದಗಳು ‘ಹಿಡಿ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದರೆ, ‘ರಿಸ್ಟ್ರೇನ್’ ಮತ್ತು ‘ಸ್ಟ್ರಿಕ್ಟ್’ ಪದಗಳು ‘ಬಿಗಿ’ ಎಂಬರ್ಥದ ಧಾತುವಿನಿಂದ ಬಂದವು. ಜರ್ಮಾನಿಕ್ ಮೂಲದ ಪದವೂ ಲ್ಯಾಟಿನ್ ಮೂಲದ ಪದಗಳೂ ಒಂದೇ ಕಲ್ಪನೆಯನ್ನು ಪ್ರತ್ಯೇಕವಾಗಿ ತಲುಪಿವೆ. ‘ಕರ್ಬ್’ ಎಂಬುದು ಕುದುರೆಯ ದವಡೆಯ ಕೆಳಗೆ ಬಿಗಿಯುವ ಪಟ್ಟಿ ಅಥವಾ ಸರಪಳಿ. ಕಠೋಪನಿಷತ್ತಿನಲ್ಲಿ ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಆತ್ಮವು ಎರಡು ಕುದುರೆಗಳನ್ನು ನಡೆಸುವ ಸಾರಥಿಯನ್ನು ಹೋಲುತ್ತದೆ. ‘ನಾಲಿಗೆಗೆ ಕಡಿವಾಣ ಹಾಕು’ ಎನ್ನುವ ಕನ್ನಡವೂ ಇದೇ ಕುದುರೆಲಾಯದ ಭಾಷೆಯನ್ನು ಬಳಸುತ್ತದೆ.

ಇನ್ನು ಕೆಲವು ಪದಗಳ ಮೂಲ ಸಂಪೂರ್ಣ ಭಿನ್ನ. ‘ಕಂಟ್ರೋಲ್’ ಕಚೇರಿಯ ಪದ: ಲೆಕ್ಕದ ಸುರುಳಿಗೆ ಪ್ರತಿಯಾಗಿ ಇನ್ನೊಂದು ಸುರುಳಿಯನ್ನಿಟ್ಟು ತಾಳೆ ನೋಡುವುದು ಅದರ ಮೂಲಾರ್ಥ. ಭಾರತದ ಮಹಾಲೇಖಪಾಲರ ಇಂಗ್ಲಿಷ್ ಪದನಾಮದಲ್ಲಿರುವ ‘ಕಂಪ್ಟ್ರೋಲರ್’ ಇದೇ ಪದದ ರೂಪಾಂತರ. ‘ಚೆಕ್’ ಚದುರಂಗದಿಂದ ಬಂದುದು; ಅದರ ಹಿಂದೆ ರಾಜನೆಂಬರ್ಥದ ಪಾರಸಿಯ ‘ಶಾಹ್’ ಇದೆ. ‘ಟೆಂಪರೆನ್ಸ್’ ಹದವಾಗಿ ಬೆರೆಸುವ ಕಲ್ಪನೆಯಿಂದ ಬಂದುದು. ಗ್ರೀಕ್ ಭಾಷೆಯ ‘ಆಸ್ಕೇಸಿಸ್’ ನಮ್ಮ ವಿಷಯಕ್ಕೆ ವಿಶೇಷವಾಗಿ ಪ್ರಸ್ತುತ: ಕ್ರೀಡಾಪಟುಗಳ ದೈಹಿಕ ಅಭ್ಯಾಸವನ್ನು ಹೇಳುತ್ತಿದ್ದ ಆ ಪದ ಮುಂದೆ ವಿರಕ್ತರ ಸಾಧನೆಯ ಹೆಸರಾಗಿ, ಇಂಗ್ಲಿಷಿನ ‘ಅಸೆಟಿಕ್’ ಆಯಿತು. ಅಖಾಡದಿಂದ ಆಶ್ರಮಕ್ಕೆ ಸಾಗಿದ ಈ ದಾರಿಗೆ ಕನ್ನಡದಲ್ಲಿಯೂ ಸಮಾಂತರಗಳಿವೆ. ಕುಸ್ತಿಯ ‘ಗರಡಿ’ ಇಂದು ಯಾವುದೇ ಗುರುವಿನ ಕಠಿಣ ಶಿಕ್ಷಣದ ಹೆಸರು. ‘ಅವರ ಗರಡಿಯಲ್ಲಿ ಪಳಗಿದವರು’ ಎಂದು ಸಂಗೀತಗಾರರ ಬಗ್ಗೆಯೂ ಹೇಳುತ್ತೇವೆ. ‘ಮೈಕಟ್ಟು’, ‘ಕಟ್ಟುನಿಟ್ಟು’, ‘ಕಟ್ಟುಪಾಡು’ ಪದಗಳಲ್ಲಿ ‘ಕಟ್ಟು’ ಎಂಬ ಒಂದೇ ಧಾತು ದೇಹವನ್ನೂ ಶಿಸ್ತನ್ನೂ ಬೆಸೆದಿದೆ.

ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. ‘ಕಂಟ್ರೋಲ್ ಯುವರ್‌ಸೆಲ್ಫ್’ ಎಂಬ ರಚನೆ ವ್ಯಕ್ತಿಯನ್ನು ಆಳುವವ ಮತ್ತು ಆಳಿಸಿಕೊಳ್ಳುವವ ಎಂದು ಇಬ್ಭಾಗ ಮಾಡುತ್ತದೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1999ರ ತಮ್ಮ ಕೃತಿಯಲ್ಲಿ ಇಂಗ್ಲಿಷಿನ ಈ ಇಬ್ಭಾಗವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕನ್ನಡದ ರೂಢಿಯ ಮಾತು ಈ ಕೆಲಸವನ್ನು ಬಹುಮಟ್ಟಿಗೆ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದಕ್ಕೆ ಒಪ್ಪಿಸುತ್ತದೆ: ‘ತಡೆದುಕೊ’, ‘ತಾಳಿಕೊ’, ‘ಸಾವರಿಸಿಕೊ’. ಇಲ್ಲಿ ಕರ್ಮಸ್ಥಾನದಲ್ಲಿ ಕೋಪವೋ ಅಳುವೋ ಇರಬಹುದು, ಏನೂ ಇಲ್ಲದಿರಲೂಬಹುದು. ‘ತನ್ನನ್ನು’ ಎಂದು ಹೇಳುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ‘ಸ್ವಯಂ ನಿಯಂತ್ರಣ’ ಎಂಬ ಅನುವಾದ ಎರವಲು ಪದದ ಜೊತೆಗೆ ಇಂಗ್ಲಿಷಿನ ಆ ಇಬ್ಭಾಗವನ್ನೂ ಒಳತಂದಿದೆ. ಅದು ಬೇಡವೆಂದು ನಾವು ಹೇಳುತ್ತಿಲ್ಲ; ಪರಿಭಾಷೆಗೆ ಅದು ಬೇಕಾಗಬಹುದು. ಆದರೆ ಅದನ್ನು ಕನ್ನಡಿಗರ ಸಹಜ ಮನೋಚಿತ್ರಣವೆಂದು ಓದುವುದು ಸರಿಯಲ್ಲ.

6. ರೂಪಕವೂ ಸಾಕ್ಷ್ಯವೂ

ಸಂಯಮವನ್ನು ದೇಹಬಲದ ಭಾಷೆಯಲ್ಲಿ ಹೇಳುವುದು ನಿಘಂಟಿನೊಳಗೇ ಉಳಿದ ಸಂಗತಿಯಲ್ಲ. ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳ ಆಧಾರದ ಮೇಲೆ, ಸಂಯಮವು ಬಳಸಿದಂತೆ ತಾತ್ಕಾಲಿಕವಾಗಿ ಬರಿದಾಗುವ ಸಂಪನ್ಮೂಲವೆಂಬ ಸಿದ್ಧಾಂತ ಮನೋವಿಜ್ಞಾನದಲ್ಲಿ ಬೆಳೆಯಿತು. ಅದನ್ನು ದಣಿಯುವ ಸ್ನಾಯುವಿಗೆ ಹೋಲಿಸುವುದು ರೂಢಿಯಾಯಿತು. 2016ರಲ್ಲಿ 23 ಪ್ರಯೋಗಾಲಯಗಳು 2,000ಕ್ಕೂ ಹೆಚ್ಚು ಜನರೊಡನೆ ಒಂದೇ ವಿಧಾನದಲ್ಲಿ ನಡೆಸಿದ ಪುನರ್‌ಪರೀಕ್ಷೆಯಲ್ಲಿ ಆ ಪರಿಣಾಮ ಶೂನ್ಯಕ್ಕೆ ಸಮೀಪವಾಗಿ ಕಂಡಿತು. ವಿವಾದ ಆಮೇಲೂ ಮುಂದುವರಿದಿದೆ. ಅದನ್ನು ತೀರ್ಮಾನಿಸುವುದು ಭಾಷಾವಿಜ್ಞಾನಿಗಳ ಕೆಲಸವಲ್ಲ. ಆದರೆ ಒಂದು ಮಾತನ್ನು ನಾವು ಹೇಳಬಹುದು. ಆ ಹೋಲಿಕೆ ಕೇಳಿದ ಕೂಡಲೆ ಸರಿಯೆನಿಸುವುದಕ್ಕೆ ಭಾಷೆಯ ನೆರವಿದೆ. ‘ವಿಲ್‌ಪವರ್’ ಎನ್ನುವವನು, ‘ಮನಸ್ಸು ಗಟ್ಟಿ ಮಾಡಿಕೊ’ ಎನ್ನುವವನು ಆಗಲೇ ಅರ್ಧ ಒಪ್ಪಿದ್ದಾನೆ. ಹೀಗೆ ದೊರೆಯುವ ಒಪ್ಪಿಗೆ ಸಂಶೋಧನೆಗೆ ಪ್ರಶ್ನೆಯನ್ನು ಒದಗಿಸಬಹುದು, ಉತ್ತರವಾಗಲಾರದು.

ನಮ್ಮ ಶಿಸ್ತಿನೊಳಗೂ ಇದೇ ಎಚ್ಚರ ಬೇಕು. ‘ಫಾಸ್ಟ್’ ಪದದ ಮೂರು ಅರ್ಥಗಳಿಗೆ ಮೂಲ ಒಂದೇ ಎಂಬುದರಿಂದ, ಇಂದಿನ ಇಂಗ್ಲಿಷ್ ಭಾಷಿಕರ ಮನಸ್ಸಿನಲ್ಲಿ ಅವು ಒಂದೇ ಎಂದು ತೀರ್ಮಾನಿಸುವಂತಿಲ್ಲ. ಉಪವಾಸವನ್ನು ಬೇರೆ ನಮೂದಾಗಿ ಕೊಡುವ ನಿಘಂಟು ಸಮಕಾಲಿಕ ದೃಷ್ಟಿಯಿಂದ ತಪ್ಪು ಮಾಡಿಲ್ಲ. ಪದಮೂಲವು ಪದ ನಡೆದುಬಂದ ದಾರಿಯನ್ನು ತೋರಿಸುತ್ತದೆ. ಅದು ಈಗ ಎಲ್ಲಿದೆ ಎಂಬುದನ್ನು ಬಳಕೆಯೇ ಹೇಳಬೇಕು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವೇಗ, ದಾರ್ಢ್ಯ, ಸಂಯಮಗಳ ಪದಗಳ ಹಿಂದೆ ಹಿಡಿತ ಮತ್ತು ಬಿಗಿತಗಳ ಕಲ್ಪನೆ ಮತ್ತೆ ಮತ್ತೆ ಕಾಣಿಸಿಕೊಂಡರೂ, ಒಂದು ಪದ ಯಾವ ಅರ್ಥಕ್ಕೆ ಸಾಗುತ್ತದೆ ಎಂಬುದನ್ನು ಅದರ ಸಹಪ್ರಯೋಗಗಳು ನಿರ್ಧರಿಸುತ್ತವೆ. ‘ಫಾಸ್ಟ್’ ಮತ್ತು ‘ಗಟ್ಟಿ’ ಪದಗಳ ಭಿನ್ನ ಗತಿ ಇದಕ್ಕೆ ನಿದರ್ಶನ. ಎರಡನೆಯದಾಗಿ, ದ್ವಿಭಾಷಾ ನಿಘಂಟುಗಳು ಇಂತಹ ಪದಗಳಿಗೆ ಸಮಾನಾರ್ಥಕಗಳ ಸಾಲನ್ನಷ್ಟೇ ಕೊಡದೆ, ಪ್ರತಿ ಅರ್ಥದೊಡನೆ ಅದು ಬರುವ ಕ್ರಿಯಾಪದವನ್ನೋ ನಾಮಪದವನ್ನೋ ಕೊಟ್ಟರೆ ಕಲಿಯುವವರಿಗೆ ಹೆಚ್ಚು ಉಪಯೋಗವಾಗುತ್ತದೆ. ಮೂರನೆಯದಾಗಿ, ‘ಬಿರುಸು’, ‘ಜೋರು’, ‘ಬೇಗ’ ಪದಗಳು ಯಾವ ಕಾಲದಲ್ಲಿ, ಯಾವ ಕ್ರಿಯಾಪದಗಳ ಜೊತೆ ಮೊದಲು ವೇಗದ ಅಥವಾ ಕಾಲದ ಅರ್ಥ ಪಡೆದವು ಎಂಬುದನ್ನು ಶಾಸನಗಳು, ಹಳಗನ್ನಡ ಮತ್ತು ನಡುಗನ್ನಡ ಪಠ್ಯಗಳ ಆಧಾರದಿಂದ ಗುರುತಿಸಬೇಕಾಗಿದೆ. ಸ್ಟರ್ನ್ ಇಂಗ್ಲಿಷಿನಲ್ಲಿ ಕಂಡ ಕ್ರಮಬದ್ಧತೆ ಕನ್ನಡದಲ್ಲಿಯೂ ಇದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಅಲ್ಲಿಂದಲೇ. ಸಂಶೋಧನ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬುದು ನಮ್ಮ ಆಶಯ.